ಗೋಲಿನ ಮುಂದಿನ ಸುಣ್ಣದ ಗೆರೆ

ಭದ್ರಾವತಿ
೩೦ ಫೆಬ್ರವರಿ ೨೧೭೧, ಮಧ್ಯಾಹ್ನ

ನೂರೈವತ್ತು ವರ್ಷಗಳ ಹಿಂದೆ ಫುಟ್‌ಬಾಲ್ ಕ್ಲಬ್ಬುಗಳನ್ನು ನಡೆಸುತ್ತಿರುವ ಮಹನೀಯರಿಗೆ,

ಮೇಲಿನ ತಾರೀಖು ನೋಡಿ ಇದು ಯಾರದೋ ಕುಚೇಷ್ಟೆ ಎಂದು ಪತ್ರವನ್ನು ಬದಿಗೆ ಸರಿಸಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನವಿಲ್ಲ, ಗೊತ್ತು. ನಮ್ಮಲ್ಲಿದೆ. ಏಪ್ರಿಲ್ ಮೇ ತಿಂಗಳುಗಳಿಂದ ದಿನ ಕಿತ್ತು ಫೆಬ್ರವರಿಗೆ ಸೇರಿಸಿದರೆ ಬೇಸಿಗೆ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ ಎಂದು ನಂಬಿದ ಸರ್ಕಾರವೊಂದು ನಡುವೆ ಬಂದು ಹೋಯಿತು. ಬೇಸಿಗೆ ಹಾಗೇ ಉಳಿಯಿತು, ತಾರೀಖೂ ಉಳಿಯಿತು. ನನ್ನ ಕನ್ನಡದಲ್ಲಿ ನಿಮಗೆ ಪರಿಚಯವಿಲ್ಲದ ಕೆಲವು ಮಾತುಗಳು ಬರುತ್ತವೆ. ಬಂದಲ್ಲೆಲ್ಲ ಬಿಡಿಸಿ ಹೇಳುತ್ತೇನೆ. ಉಳಿದ ವಿಚಿತ್ರಗಳಿಗೆ ಮುಂಚಿತವಾಗಿಯೇ ಕ್ಷಮೆ ಕೇಳುತ್ತೇನೆ, ಏಕೆಂದರೆ ಪತ್ರ ಮುಗಿಯುವ ಹೊತ್ತಿಗೆ ಕ್ಷಮೆ ಕೇಳುವ ಮನಸ್ಸು ನನಗೆ ಇರುತ್ತದೋ ಇಲ್ಲವೋ.

ನನ್ನ ಹೆಸರು ವಾರಿಜಾಕ್ಷಿ. ವಯಸ್ಸು ಎಪ್ಪತ್ತಮೂರು. ಭದ್ರಾವತಿಯ ಕುಲುಮೆ ಫುಟ್‌ಬಾಲ್ ಸಂಘಕ್ಕೆ ಮೂವತ್ತಮೂರು ವರ್ಷಗಳಿಂದ ಕಾರ್ಯದರ್ಶಿ. ಈ ಪತ್ರವನ್ನು ಹಿನ್ನಂಚೆಗೆ ಹಾಕುತ್ತೇನೆ. ಹಿನ್ನಂಚೆ ಎಂದರೆ ನಮ್ಮ ಅಂಚೆ ಕಚೇರಿಯ ಮೂಲೆಯಲ್ಲಿರುವ ಒಂದು ಹಳದಿ ಪೆಟ್ಟಿಗೆ. ಎಪ್ಪತ್ತು ದಾಟಿದವರು ಹಿಂದಿನ ಕಾಲದವರಿಗೆ ಏನಾದರೂ ಹೇಳಬೇಕೆನಿಸಿದರೆ ಬರೆದು ಅದರಲ್ಲಿ ಹಾಕಬಹುದು. ಪತ್ರ ತಲುಪುತ್ತದೆಯೇ ಎಂದು ಕೇಳಿದರೆ ಅಂಚೆಯವರು ನಗುತ್ತಾರೆ. ಯಾರೂ ಒಡೆದು ಓದುವುದಿಲ್ಲ ಎಂಬ ಭರವಸೆಯನ್ನು ಮಾತ್ರ ಗಂಭೀರವಾಗಿ ಕೊಡುತ್ತಾರೆ. ನನಗೆ ಬೇಕಾಗಿದ್ದದ್ದೂ ಆ ಭರವಸೆಯೇ. ಕಾರಣವನ್ನು ಆಮೇಲೆ ಹೇಳುತ್ತೇನೆ.

ನಾಳೆ ಬೆಳಿಗ್ಗೆ ನಮ್ಮ ಸಂಘದ ಸಭೆಯಿದೆ. ಯಶೋಧರ ಎಂಬ ನಮ್ಮ ಮುಂಚೂಣಿ ಆಟಗಾರನ ಬೆವರುಪಟ್ಟಿ ಮೊನ್ನೆ ಕೆಂಪಾಯಿತು. ಬೆವರುಪಟ್ಟಿ ಎಂದರೆ ಆಟಗಾರರೆಲ್ಲ ಮುಂಗೈಗೆ ಕಟ್ಟಿಕೊಳ್ಳುವ ಹಳದಿ ಪಟ್ಟಿ. ಮೈಯಲ್ಲಿ ಅಮಲಿನ ಅಂಶವಿದ್ದರೆ ಅರಿಶಿನಕ್ಕೆ ಸುಣ್ಣ ಬಿದ್ದ ಹಾಗೆ ಅದರ ಬಣ್ಣ ತಿರುಗುತ್ತದೆ. ನಿಮ್ಮ ಹಾಗೆ ಸೀಸೆ ಕೊಟ್ಟು ಶೌಚಾಲಯಕ್ಕೆ ಕಳಿಸುವ ಪದ್ಧತಿ ಈಗಿಲ್ಲ, ಆಟಗಾರನಿಗಿಂತ ಮುಂಚೆ ಅವನ ಪಕ್ಕದಲ್ಲಿ ನಿಂತವನಿಗೇ ವಿಷಯ ಗೊತ್ತಾಗುತ್ತದೆ. ಯಶೋಧರನಿಗೆ ಏನು ಮಾಡಬೇಕೆಂದು ನಾಳೆ ತೀರ್ಮಾನವಾಗಬೇಕು. ತೀರ್ಮಾನ ಎನ್ನುವುದೂ ಸುಳ್ಳು. ನಿಯಮ ಇದೆ. ಅದನ್ನು ಬರೆದವಳು ನಾನು. ನಾಳೆ ಸುಣ್ಣದ ಡಬ್ಬಿ ಹಿಡಿದು ಮೈದಾನಕ್ಕೆ ಇಳಿಯಬೇಕಾದವಳೂ ನಾನೇ.

ಮೊದಲು ನಿಮ್ಮ ವಿಷಯ. ಕಳೆದ ತಿಂಗಳು ಜಿಲ್ಲಾ ಗ್ರಂಥಾಲಯದಲ್ಲಿ ನಿಮ್ಮ ಕಾಲದ ಕ್ಲಬ್ಬುಗಳ ಪ್ರಕಟಣೆಗಳನ್ನು ಕೂತು ಓದಿದೆ. ನಾವು ಮಾಡಿದ ತಪ್ಪನ್ನು ನೀವೂ ಮಾಡಿದ್ದಿರಬಹುದು ಎಂಬ ಆಸೆಯಿಂದ ಓದಿದೆ, ಸಮಾಧಾನಕ್ಕೆ ಒಂದು ಜೊತೆ ಬೇಕಿತ್ತು. ಸಿಗಲಿಲ್ಲ. ನಿಮ್ಮ ತಪ್ಪುಗಳು ಬೇರೆ, ಒಂದೊಂದು ಸಾಲಿನಲ್ಲಿ ಮುಗಿಯುವಂಥವು. "ಪರಸ್ಪರ ಒಪ್ಪಿಗೆಯ ಮೇರೆಗೆ ಆಟಗಾರರನ್ನು ಬಿಡುಗಡೆ ಮಾಡಲಾಗಿದೆ." "ಶಿಸ್ತಿನ ಕಾರಣಕ್ಕಾಗಿ." "ವೈಯಕ್ತಿಕ ಕಾರಣಗಳಿಗಾಗಿ." ಒಂದೊಂದು ಸಾಲಿನ ಹಿಂದೆ ಇಪ್ಪತ್ತು ಇಪ್ಪತ್ತೆರಡು ವರ್ಷದ ಒಬ್ಬೊಬ್ಬ ಮನುಷ್ಯ. ಶನಿವಾರ ಗೆಳೆಯನ ಮನೆಯಲ್ಲಿ ಒಂದು ದಮ್ಮು ಎಳೆದವನು. ಸೋಮವಾರ ಅವನ ಹೆಸರಿನ ಅಂಗಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಇನ್ನೊಂದನ್ನೂ ಗಮನಿಸಿದೆ. ವರ್ಷಕ್ಕೆ ಇಪ್ಪತ್ತು ಗೋಲು ಹೊಡೆಯುವವನು ಸಿಕ್ಕಿಬಿದ್ದರೆ ಅವನಿಗೆ ಮೂರು ವಾರ ಸ್ನಾಯು ಸೆಳೆತ. ಬೆಂಚಿನಲ್ಲಿ ಕೂರುವವನು ಸಿಕ್ಕಿಬಿದ್ದರೆ ಕ್ಲಬ್ಬಿಗೆ ಇದ್ದಕ್ಕಿದ್ದಂತೆ ಮೌಲ್ಯಗಳು ನೆನಪಾಗುತ್ತವೆ. ಎರಡೂ ಪ್ರಕಟಣೆಗಳ ಕೆಳಗೆ ಒಬ್ಬರದೇ ಸಹಿ. ನಿಮ್ಮ ಬಗ್ಗೆ ನನಗೆ ಗೌರವ ಉಳಿದಿಲ್ಲ, ಕೋಪಿಸಿಕೊಳ್ಳಬೇಡಿ. ನನ್ನ ಬಗ್ಗೆ ನನಗೂ ಉಳಿದಿಲ್ಲ.

ನಮ್ಮ ಊರಿನ ಸ್ಥಿತಿ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬೆಳಿಗ್ಗೆ ಐದರಿಂದ ಏಳೂವರೆ ನಮಗೆ ತಂಪುಗಂಟೆ. ಮನೆಯಿಂದ ಆಚೆ ನಿಂತು ಉಸಿರಾಡಬಹುದಾದ ಹೊತ್ತು ಅದೊಂದೇ. ತರಕಾರಿ ಕೊಳ್ಳುವುದು, ಹೆಣ್ಣು ನೋಡುವುದು, ಜಗಳ, ಸಂಧಾನ, ಶವಸಂಸ್ಕಾರ ಎಲ್ಲ ಅಷ್ಟರಲ್ಲೇ ಆಗಬೇಕು. ಫುಟ್‌ಬಾಲ್ ಕೂಡ. ಹಳೆಯ ಕಾರ್ಖಾನೆಯ ಚಿಮಣಿಗಳ ನಡುವೆ ನೆರಳುಬಟ್ಟೆ ಕಟ್ಟಿ ಅದರ ಕೆಳಗೆ ಮೈದಾನ ಮಾಡಿದ್ದೇವೆ. ಬಟ್ಟೆಗೆ ಅಲ್ಲಲ್ಲಿ ತೇಪೆ ಹಾಕಿರುವುದರಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ, ಚೆಂಡು ಚಿರತೆಯ ಮೈಮೇಲೆ ಉರುಳಿದಂತೆ ಕಾಣುತ್ತದೆ. ಗಂಡಸರು ಹೆಂಗಸರು ಒಂದೇ ತಂಡದಲ್ಲಿ ಆಡುತ್ತಾರೆ. ಭಾನುವಾರ ಊರಿನ ಎಲ್ಲ ಮನೆಗಳಿಂದಲೂ ಕನಿಷ್ಠ ಒಬ್ಬರು ಬಂದು ನಿಲ್ಲಬೇಕು, ಬರದ ಮನೆಯ ಬಾಗಿಲಿಗೆ ಮರುದಿನ ಯಾರಾದರೂ ಹೋಗಿ ಹುಷಾರಾಗಿದ್ದೀರಾ ಎಂದು ಕೇಳುತ್ತಾರೆ. ಇದನ್ನು ನಾವು ಪ್ರೀತಿ ಎನ್ನುತ್ತೇವೆ. ಅನೇಕ ಸಲ ಅದು ಪ್ರೀತಿಯೂ ಹೌದು.

ನಾನು ಕಾರ್ಯದರ್ಶಿಯಾದ ಮೂರನೆಯ ವರ್ಷ ನಮ್ಮ ಎಡಗಡೆಯ ರಕ್ಷಕ ಜಯಶೀಲ ಸಿಕ್ಕಿಬಿದ್ದ. ಆಗ ನಮ್ಮಲ್ಲಿಯೂ ನಿಮ್ಮದೇ ಪದ್ಧತಿ ಇತ್ತು. ತೆಗೆದುಹಾಕಿದೆವು. ಮುಂದಿನ ಭಾನುವಾರ ಅವನ ಮೂರನೇ ನಂಬರಿನ ಅಂಗಿ ತೊಟ್ಟು ಇನ್ನೊಬ್ಬ ಆಡಿದ. ಜಯಶೀಲ ತಂತಿಬೇಲಿಯ ಆಚೆ ನಿಂತು ಎರಡು ವಾರ ನೋಡಿದ. ಮೂರನೆಯ ವಾರ ಬರಲಿಲ್ಲ. ಊರು ಬಿಟ್ಟನೆಂದು ತಿಳಿಯಿತು. ಎರಡು ವರ್ಷದ ಮೇಲೆ ಹರಿಹರದಲ್ಲಿ ತೀರಿಕೊಂಡ ಎಂಬ ಸುದ್ದಿ ಬಂದಾಗ ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಲು ನನಗೂ ಧೈರ್ಯ ಬರಲಿಲ್ಲ. ಆ ವಾರ ಮನೆಯಲ್ಲಿ ಕೂತು ಒಂದು ನಿಯಮ ಬರೆದೆ. ಅಳುತ್ತಾ ಬರೆದೆ ಎಂಬುದನ್ನು ಇಲ್ಲಿ ಸೇರಿಸುತ್ತೇನೆ, ಏಕೆಂದರೆ ಅಳುತ್ತಾ ಬರೆದದ್ದೆಲ್ಲ ಸರಿಯಾಗಿರುತ್ತದೆ ಎಂದು ನಾನು ಆಗ ತಿಳಿದಿದ್ದೆ.

ಅದರ ಹೆಸರು ಜಾಗ ಕಾಯುವ ನಿಯಮ. ಸಿಕ್ಕಿಬಿದ್ದ ಆಟಗಾರ ಏಳು ಪಂದ್ಯ ಹೊರಗಿರಬೇಕು. ಆದರೆ ಅವನ ಜಾಗಕ್ಕೆ ಬೇರೆಯವರನ್ನು ಹಾಕಬಾರದು, ಅವನು ಮರಳಿ ಬರುವ ತನಕ ತಂಡ ಹತ್ತೇ ಜನರಲ್ಲಿ ಆಡಬೇಕು. ಅವನು ನಿಲ್ಲುವ ಸ್ಥಾನದ ಸುತ್ತ ಹತ್ತು ಹೆಜ್ಜೆ ಅಗಲಕ್ಕೆ ಸುಣ್ಣದ ಗೆರೆ ಎಳೆಯಬೇಕು, ನಮ್ಮವರು ಯಾರೂ ಆ ಗೆರೆಯೊಳಗೆ ಕಾಲಿಡಬಾರದು. ಪಂದ್ಯಕ್ಕೆ ಮುಂಚೆ ಊರವರೆಲ್ಲ ಗೆರೆಯ ಕಡೆ ತಿರುಗಿ ಒಂದು ನಿಮಿಷ ಮೌನವಾಗಿ ನಿಲ್ಲಬೇಕು. ನಿನ್ನನ್ನು ಬಿಟ್ಟಿಲ್ಲ, ಕಾಯುತ್ತಿದ್ದೇವೆ ಎಂದು ತಿಳಿಸುವ ಬಗೆ ಇದು. ಸಭೆಯಲ್ಲಿ ಓದಿದಾಗ ಚಪ್ಪಾಳೆ ಬಿತ್ತು. ಶಿವಮೊಗ್ಗ, ತರೀಕೆರೆ, ಕಡೂರಿನ ಸಂಘಗಳು ಪ್ರತಿ ಕೇಳಿ ತರಿಸಿಕೊಂಡವು. ನಾನು ಉಬ್ಬಿಹೋದೆ. ಹತ್ತು ವರ್ಷದಲ್ಲಿ ಐದು ಸಲ ಗೆರೆ ಎಳೆದೆ. ಐವರೂ ಮರಳಿ ಬಂದು ಆಡಿದರು. ಮರಳಿದ ನಂತರ ಅವರು ಹೇಗಿದ್ದರು ಎಂದರೆ, ತಲೆ ತಗ್ಗಿಸಿ ಆಡುತ್ತಿದ್ದರು. ನಾನು ಅದನ್ನು ವಿನಯ ಎಂದುಕೊಂಡೆ.

ನಿಯಮಕ್ಕೆ ಒಂದು ಕಿಟಕಿಯನ್ನೂ ಇಟ್ಟಿದ್ದೆ. ಅಮಲಿಗೆ ಕಾರಣವಾದ ದುಃಖವೇನಾದರೂ ಇದ್ದರೆ ಆಟಗಾರ ದುಃಖಪತ್ರ ಕೊಡಬಹುದು, ಏಳು ಪಂದ್ಯ ಮೂರಕ್ಕೆ ಇಳಿಯುತ್ತದೆ. ಐವರಲ್ಲಿ ನಾಲ್ವರಿಗೆ ದುಃಖಪತ್ರ ಬರೆದುಕೊಟ್ಟವಳು ನಾನೇ. ನಿಜವಾದ ದುಃಖ ಒಬ್ಬನಿಗಿತ್ತು. ಉಳಿದವರಿಗೆ ನಾನೇ ಹೊಂದಿಸಿದೆ. ಒಬ್ಬನ ಅಪ್ಪನನ್ನು ಪತ್ರದಲ್ಲಿ ಸಾಯಿಸಿದ್ದೆ. ಮೂರು ವಾರದ ನಂತರ ಆ ಅಪ್ಪ ಮೈದಾನಕ್ಕೆ ಬಂದು, ಮಗ ಮರಳಿದ್ದಕ್ಕೆ ನನ್ನ ಕೈಹಿಡಿದು ಥ್ಯಾಂಕ್ಸ್ ಹೇಳಿದ. ಊರೆಲ್ಲ ನೋಡಿತು, ಯಾರೂ ಏನೂ ಅನ್ನಲಿಲ್ಲ. ಮೋಜಿಗೆ ಹಾಕಿಕೊಂಡೆ ಎಂಬ ಒಂದು ಮಾತು ಬಿಟ್ಟು ಬೇರೆ ಯಾವ ಸುಳ್ಳನ್ನಾದರೂ ಕೇಳಲು ನಾವು ತಯಾರಿದ್ದೆವು.

ಆ ಮಾತನ್ನು ಹೇಳಿದವಳು ಹಾಲಮ್ಮ.

ಹಾಲಮ್ಮ ನಮ್ಮ ಗೋಲ್‌ಕೀಪರ್. ಆಗ ಅವಳಿಗೆ ಇಪ್ಪತ್ತೇಳು. ಕೆಲಸದಲ್ಲಿ ನೀರುಗಂಟಿ, ಅಂದರೆ ಬೀದಿ ಬೀದಿಗೆ ಹೋಗಿ ಕೀಲಿ ತಿರುಗಿಸಿ ನಲ್ಲಿಗೆ ನೀರು ಬಿಡುವವಳು. ನಮ್ಮಲ್ಲಿ ನೀರು ಬೀದಿಗೆ ದಿನಕ್ಕೆ ಹದಿನೈದು ನಿಮಿಷ, ಆದ್ದರಿಂದ ಅವಳನ್ನು ಎದುರು ನೋಡದ ಮನೆಯಿರಲಿಲ್ಲ. ಉದ್ದ ಕೈ, ದೊಡ್ಡ ದನಿ, ನಗು ಅದಕ್ಕಿಂತ ದೊಡ್ಡದು. ಗೋಲಿನಲ್ಲಿ ನಿಂತು ತನ್ನ ರಕ್ಷಕರನ್ನು ಬೈಯುವ ಬೈಗುಳ ಕೇಳಲಿಕ್ಕೆಂದೇ ಕೆಲವರು ಆ ತುದಿಗೆ ಹೋಗಿ ನಿಲ್ಲುತ್ತಿದ್ದರು. ನಾಲ್ಕು ವರ್ಷ ನಮ್ಮ ತಂಡ ಮೇಲಿನ ಮೂರರಲ್ಲಿ ಇದ್ದದ್ದು ಅವಳಿಂದ. ಗೆಳತಿಯ ಮದುವೆಯ ಮರುದಿನ ಅಭ್ಯಾಸಕ್ಕೆ ಬಂದಳು, ಪಟ್ಟಿ ಕೆಂಪಾಯಿತು. ಮದುವೆಮನೆಯಲ್ಲಿ ತೂಗುಹನಿ ಹಾಕಿಕೊಂಡಿದ್ದಳು. ತೂಗುಹನಿ ಎಂದರೆ ನಿಮ್ಮ ಗಾಂಜಾದಿಂದಲೇ ಇಳಿಸಿದ್ದು, ನಾಲಿಗೆಯ ಕೆಳಗೆ ಎರಡು ಹನಿ ಬಿಟ್ಟುಕೊಂಡರೆ ತೊಟ್ಟಿಲಲ್ಲಿ ಮಲಗಿದ ಹಾಗಿರುತ್ತದಂತೆ.

ನಾನು ಮನೆಗೆ ಕರೆದು, ದುಃಖಪತ್ರ ಬರೆಯೋಣ, ಏನಾದರೂ ಹೇಳು ಎಂದೆ. ಸೋದರಮಾವನ ಕಾಯಿಲೆ ಆಗಬಹುದೇ ಎಂದು ನಾನೇ ಸೂಚಿಸಿದೆ. ಅವಳು ಬಿದ್ದು ಬಿದ್ದು ನಕ್ಕಳು. "ನಮ್ ಮಾವ ಗುಂಡುಕಲ್ಲಿನಂಗವ್ರೆ ವಾರಿಜಕ್ಕ. ನಂಗೆ ಯಾವ ದುಃಖನೂ ಇಲ್ಲ. ಚೆನ್ನಾಗಿತ್ತು, ಹಾಕ್ಕಂಡೆ. ತಪ್ಪಾಯ್ತು ಅನ್ನಿ, ಶಿಕ್ಷೆ ಕೊಡಿ. ಇಲ್ದಿರೋ ದುಃಖ ಯಾಕೆ ಹಚ್ತೀರ ನಂಗೆ?" ಸಭೆಯಲ್ಲೂ ಇದನ್ನೇ ಹೇಳಿದಳು, ಇಷ್ಟೇ ಸಲೀಸಾಗಿ. ಕೂತವರ ಮುಖಗಳು ಗಂಟಿಕ್ಕಿದವು. ಅಂದು ನನಗೆ ಅವಳ ಮೇಲೆ ಕೋಪ ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಕರುಣೆ ತೋರಿಸಲು ಹೋದವಳಿಗೆ ಕರುಣೆ ಬೇಡ ಎಂದರೆ ಎಷ್ಟು ಉರಿಯುತ್ತದೆ ಎಂದು ನಿಮಗೂ ಗೊತ್ತಿರಬೇಕು.

ಏಳು ಪಂದ್ಯ ಎಂದು ಬರೆದುಕೊಳ್ಳುವಾಗ ನಮ್ಮ ಅಧ್ಯಕ್ಷರು ತಿಪ್ಪೇಶಪ್ಪನವರು ಮೆಲ್ಲಗೆ ಕೆಮ್ಮಿದರು. "ಅಲ್ಲಮ್ಮ, ಇವಳು ಗೋಲಿ. ಇವಳ ಜಾಗ ಖಾಲಿ ಬಿಟ್ರೆ ಗೋಲೇ ಖಾಲಿ ಆಗ್ತದಲ್ಲ?" ಎಂದರು. ನಿಯಮ ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಜಯಶೀಲ, ಎಡಗಡೆಯ ರಕ್ಷಕ. ಗೋಲ್‌ಕೀಪರ್ ಎಂಬ ಪ್ರಾಣಿಯೂ ತಂಡದಲ್ಲಿರುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಹತ್ತು ಹೆಜ್ಜೆಯ ಗೆರೆಯನ್ನು ಗೋಲಿನಲ್ಲಿ ಎಳೆದರೆ ಈ ಕಂಬದಿಂದ ಆ ಕಂಬದ ತನಕ ಮುಚ್ಚಿಹೋಗುತ್ತದೆ. ಇದೊಂದು ಕೈತಪ್ಪು, ತಿದ್ದೋಣ ಎಂದು ಹೇಳಿದ್ದರೆ ಅರ್ಧ ನಿಮಿಷದ ಕೆಲಸ. ನಾನು ಹೇಳಿದ್ದು ಬೇರೆ. ಐದು ಜನರಿಗೆ ಕಾದವರು ಆರನೆಯವಳಿಗೆ ಕಾಯದಿದ್ದರೆ ಅದು ಅನ್ಯಾಯ ಎಂದೆ. ನಾಲ್ಕು ಊರು ನಮ್ಮನ್ನು ನೋಡುತ್ತಿವೆ ಎಂದೆ. ಮಾತು ಚೆನ್ನಾಗಿತ್ತು. ಮತ್ತೆ ಚಪ್ಪಾಳೆ ಬಿತ್ತು. ಹಾಲಮ್ಮ ನನ್ನನ್ನೇ ನೋಡುತ್ತಿದ್ದಳು, ನಗುತ್ತಿರಲಿಲ್ಲ.

ಮೊದಲ ಭಾನುವಾರ ತರೀಕೆರೆಯವರ ಎದುರು. ನಾನು ಗೆರೆ ಎಳೆದೆ. ಊರು ತಿರುಗಿ ಖಾಲಿ ಗೋಲನ್ನು ನೋಡುತ್ತಾ ಒಂದು ನಿಮಿಷ ನಿಂತಿತು. ತರೀಕೆರೆಯವರು ಒಳ್ಳೆಯ ಜನ, ಮೊದಲ ಅರ್ಧದಲ್ಲಿ ಸಂಕೋಚಪಟ್ಟು ಚೆಂಡನ್ನು ಮೆಲ್ಲಗೆ ಒದೆಯುತ್ತಿದ್ದರು. ಚೆಂಡು ನಿಧಾನವಾಗಿ ಉರುಳುತ್ತಾ ಗೆರೆ ದಾಟಿ ಬಲೆಗೆ ಹೋಗುವುದನ್ನು ನಮ್ಮ ರಕ್ಷಕರು ಕೈಕಟ್ಟಿ ನೋಡಬೇಕಾಯಿತು. ಓಡಿಹೋಗಿ ಹಿಡಿಯಬಹುದಿತ್ತು, ಗೆರೆಯೊಳಗೆ ಕಾಲಿಡುವಂತಿರಲಿಲ್ಲ. ಎರಡನೇ ಅರ್ಧದಲ್ಲಿ ಸಂಕೋಚ ಹೋಯಿತು, ಬೇಸರ ಬಂತು. ಹನ್ನೊಂದು ಸೊನ್ನೆ. ಎರಡನೇ ವಾರ ಹದಿನಾಲ್ಕು. ಲೀಗಿನವರು ಗೊಣಗಿದರು, ಪತ್ರಿಕೆಯವರು ಬಂದು ಫೋಟೋ ತೆಗೆದರು. ಆ ಫೋಟೋದಲ್ಲಿ ಖಾಲಿ ಗೋಲು, ಬಿಳಿ ಗೆರೆ, ಮೌನವಾಗಿ ನಿಂತ ಊರು, ಅಂಚಿನಲ್ಲಿ ಸುಣ್ಣದ ಡಬ್ಬಿ ಹಿಡಿದ ನಾನು. ಕಟ್ಟುಹಾಕಿಸಿ ಗೋಡೆಗೆ ನೇತುಹಾಕಿದೆ. ಈಗಲೂ ಇದೆ.

ಹಾಲಮ್ಮನಿಗೆ ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ವಿಚಾರಣೆ ಅಂತ ನಡೆದರೆ ಇಡೀ ಊರು ನಿರಪರಾಧಿ. ಅವಳು ಬೀದಿಗೆ ಬಂದು ಕೀಲಿ ತಿರುಗಿಸುವಾಗ ಕೊಡ ಹಿಡಿದು ನಿಂತ ಹೆಂಗಸರು, "ಬಾರಮ್ಮ, ಏಳೇ ಪಂದ್ಯ ಅಲ್ವ, ಕಾಯ್ತೀವಿ ಬಿಡು" ಎನ್ನುತ್ತಿದ್ದರು. ಒಬ್ಬಾಕೆ ಕೊಡ ಇಡುತ್ತಾ, "ಈ ಸಲ ಹದಿನಾಲ್ಕೇ ಕಣೆ, ಜಾಸ್ತಿ ಏನಿಲ್ಲ" ಎಂದು ಸಮಾಧಾನ ಹೇಳಿದಳಂತೆ. ಪ್ರತಿ ಬೀದಿಯಲ್ಲೂ, ಪ್ರತಿ ದಿನವೂ, ಹದಿನೈದು ನಿಮಿಷ. ಜಯಶೀಲನನ್ನು ನಾವು ಬೇಲಿಯಾಚೆ ತಳ್ಳಿದ್ದೆವು, ಅವನು ನಮ್ಮನ್ನು ದ್ವೇಷಿಸಿಕೊಂಡಾದರೂ ಇರಬಹುದಿತ್ತು. ಹಾಲಮ್ಮನಿಗೆ ಆ ಸೌಕರ್ಯವನ್ನೂ ಕೊಡಲಿಲ್ಲ.

ನಾಲ್ಕನೆಯ ಪಂದ್ಯ ಮುಗಿದ ಮೇಲೆ ನನ್ನ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, "ವಾರಿಜಕ್ಕ, ನನ್ನ ತೆಗೆದುಹಾಕಿಬಿಡಿ. ಬೇರೆಯವ್ರನ್ನ ನಿಲ್ಸಿ" ಎಂದಳು. ನಾನು ದಂಗಾದೆ. ನಿನ್ನ ಮೇಲಿನ ಪ್ರೀತಿಯಿಂದಲೇ ಅಲ್ಲವೇ ಊರು ಸೋಲುತ್ತಿರುವುದು ಎಂದೆ. ಅವಳು ಹೇಳಿದ್ದನ್ನು ಹತ್ತೊಂಬತ್ತು ವರ್ಷದಿಂದ ದಿನಕ್ಕೊಮ್ಮೆಯಾದರೂ ಕೇಳಿಸಿಕೊಳ್ಳುತ್ತಿದ್ದೇನೆ. "ಪ್ರೀತಿ ಇದ್ರೆ ಒಳಗೆ ಕರ್ದು ನಾಕು ಬೈದು ಬಿಡಿ ಅಕ್ಕ. ಎರಡು ಹನಿ ಹಾಕ್ಕಂಡಿದ್ದು ನಾನು. ಅದನ್ನ ವಾರ ವಾರ ಊರೆಲ್ಲಾ ನಿಂತ್ಕಂಡು ನೋಡೋ ಅಂಥದ್ದು ಮಾಡ್ಬೇಡಿ." ನಾನು ಮಜ್ಜಿಗೆ ಕೊಟ್ಟೆ. ಇನ್ನು ಮೂರೇ ಪಂದ್ಯ, ಸಹಿಸಿಕೋ ಎಂದೆ. ಅವಳು ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು ಹೋದಳು.

ಆರನೆಯ ಪಂದ್ಯ ಶಿವಮೊಗ್ಗದವರೊಡನೆ. ಇಪ್ಪತ್ತು ನಿಮಿಷಕ್ಕೆ ಐದು ಗೋಲು ಬಿದ್ದಿತ್ತು. ಹಾಲಮ್ಮ ಬೇಲಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು, ನೀರುಗಂಟಿಯ ಖಾಕಿ ಅಂಗಿಯಲ್ಲಿ, ಬರಿಗಾಲಲ್ಲಿ. ಯಾರನ್ನೂ ನೋಡದೆ ನೇರ ಗೆರೆಯೊಳಗೆ ಹೋಗಿ ನಿಂತಳು. ಆರನೆಯ ಚೆಂಡು ಬಲಗಂಬದ ಮೂಲೆಗೆ ಬಂತು. ಅವಳು ಹಾರಿದ ಪರಿಯನ್ನು ನಾನು ಇನ್ನೊಮ್ಮೆ ಯಾವ ಮೈದಾನದಲ್ಲೂ ನೋಡಿಲ್ಲ. ಚೆಂಡನ್ನು ಎದೆಗವಚಿಕೊಂಡು ಎದ್ದಳು, ಮೈಯೆಲ್ಲ ಸುಣ್ಣ. ಊರು ಒಂದು ಕ್ಷಣ ಕೂಗಿತು. ಸಂತೋಷದಿಂದ ಕೂಗಿತು, ನಾನೂ ಕೂಗಿದೆ. ಆಮೇಲೆ ಎಲ್ಲರಿಗೂ ನಿಯಮ ನೆನಪಾಗಿ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಶಿಕ್ಷೆಯ ನಡುವೆ ಗೆರೆ ಮುರಿದರೆ ಲೆಕ್ಕ ಮೊದಲಿನಿಂದ. ಏಳು. ನಾನು ಹೋಗಿ ಅವಳ ಕೈಯಿಂದ ಚೆಂಡು ತೆಗೆದುಕೊಂಡೆ. ಅವಳು ಕೊಟ್ಟಳು. ಮರುದಿನ ತಂಪುಗಂಟೆಯಲ್ಲಿ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ನೀರಿನ ಕೀಲಿ ಇತ್ತು. ಹಾಲಮ್ಮ ಊರಲ್ಲಿರಲಿಲ್ಲ.

ಇನ್ನು ನೀವು ನಂಬಲಾರದ ಸಂಗತಿ. ಜಾಗ ಕಾಯುವ ನಿಯಮದಲ್ಲಿ "ಅವನು ಮರಳಿ ಬರುವ ತನಕ" ಎಂದು ಬರೆದಿದ್ದೆನಲ್ಲ, ಅವಳು ಮರಳಿ ಬರಲಿಲ್ಲ. ಆದ್ದರಿಂದ ಕುಲುಮೆ ಸಂಘ ಹತ್ತೊಂಬತ್ತು ವರ್ಷಗಳಿಂದ ಗೋಲ್‌ಕೀಪರ್ ಇಲ್ಲದೆ ಆಡುತ್ತಿದೆ. ಮೊದಲೆರಡು ವರ್ಷ ನಾಚಿಕೆಯಾಗುತ್ತಿತ್ತು, ಆಮೇಲೆ ಹೆಮ್ಮೆಯಾಗತೊಡಗಿತು. ನಾವು ಸೋಲುವ ತಂಡವಲ್ಲ, ಕಾಯುವ ತಂಡ ಎಂದು ಅಂಗಿಯ ಮೇಲೆ ಅಚ್ಚು ಹಾಕಿಸಿದೆವು. ಹೊರಗಿನ ಊರುಗಳಿಂದ ಜನ ನಮ್ಮ ಖಾಲಿ ಗೋಲು ನೋಡಲು ಬರುತ್ತಾರೆ. ಕೆಲವರು ಗೆರೆಯ ಮುಂದೆ ಹೂವಿಡುತ್ತಾರೆ. ನಮ್ಮ ರಕ್ಷಕರು ಗೋಲಿನ ಹತ್ತಿರಕ್ಕೆ ಚೆಂಡು ಬಾರದಂತೆ ಆಡುವುದನ್ನು ಎಷ್ಟು ಕಲಿತಿದ್ದಾರೆಂದರೆ ಕಳೆದ ವರ್ಷ ಕಡೂರಿನವರಿಗೆ ಮೂರು ಒಂದರಲ್ಲಿ ಮಾತ್ರ ಸೋತೆವು, ಅಂದು ಊರಲ್ಲಿ ಸಿಹಿ ಹಂಚಿದರು. ಹಾಲಮ್ಮ ಹೇಗಿದ್ದಳು ಎಂದು ಈಗಿನವರಿಗೆ ಗೊತ್ತಿಲ್ಲ. ಯಾವುದೋ ಮಹಾದುಃಖ ತಾಳದೆ ಹನಿ ಹಾಕಿಕೊಂಡವಳು ಎಂದು ಅವರು ಕೇಳಿದ್ದಾರೆ. ಅವಳು ಒಪ್ಪದಿದ್ದ ದುಃಖಪತ್ರವನ್ನು ಊರೇ ಸೇರಿ ಬರೆದು ಮುಗಿಸಿತು.

ಯಶೋಧರ ನಿನ್ನೆ ಬಂದಿದ್ದ. ಇಪ್ಪತ್ತೆರಡು ವರ್ಷದ ಜೀವ. "ಅಮ್ಮಾ, ನಮ್ಮಜ್ಜಿ ಹೋಗ್ಬಿಟ್ರು ಅಂತ ಬರ್ಕೊಡ್ತೀರಾ? ಅಜ್ಜೀನ ಕೇಳಿದೀನಿ, ಒಪ್ಕಂಡಿದಾರೆ" ಎಂದ. ನನಗೆ ನಗು ಬರಬೇಕಿತ್ತು. ನಿಜವಾಗಿ ಏನಾಯಿತು ಎಂದು ಕೇಳಿದೆ. ಗೆಳೆಯರ ಜೊತೆ ಚಿಮಣಿಯ ಬುಡದಲ್ಲಿ ಕೂತು ಎರಡು ಹನಿ, ಅಷ್ಟೇ. ಶಿಕ್ಷೆಗೆ ಹೆದರುತ್ತೀಯಾ ಎಂದೆ. ಇಲ್ಲ ಎಂದ. "ಎಲ್ರೂ ತಿರುಗಿ ನಿಂತ್ಕಂತಾರಲ್ಲಮ್ಮ, ಅದಕ್ಕೆ" ಎಂದ. ಈ ಮಾತು ಅರ್ಥವಾಗಲು ನನಗೆ ಹತ್ತೊಂಬತ್ತು ವರ್ಷ ಹಿಡಿಯಿತು. ಒಬ್ಬಳು ಬಾಗಿಲಲ್ಲಿ ನಿಂತು ಇದನ್ನೇ ಹೇಳಿದ್ದಳು, ನಾನು ಮಜ್ಜಿಗೆ ಕೊಟ್ಟಿದ್ದೆ.

ಈಗ ಹಿನ್ನಂಚೆಯ ಕಾರಣ. ಹಾಲಮ್ಮ ಹೋದ ಎರಡು ವರ್ಷಕ್ಕೆ ನನ್ನ ಹೆಸರಿಗೆ ಒಂದು ಕಾರ್ಡು ಬಂತು. ಅವಳದೇ ಕೈಬರಹ, ವಿಳಾಸವಿರಲಿಲ್ಲ. ಅದನ್ನು ಸಭೆಯಲ್ಲಿ ಓದಿದ್ದರೆ ಮರುವಾರವೇ ಗೆರೆ ಅಳಿಸಿಹೋಗುತ್ತಿತ್ತು. ನಾನು ಓದಲಿಲ್ಲ. ಹದಿನೇಳು ವರ್ಷ ಅಕ್ಕಿಡಬ್ಬಿಯ ತಳದಲ್ಲಿ ಇಟ್ಟುಕೊಂಡೆ. ಪ್ರತಿ ಭಾನುವಾರ ಬೆಳಿಗ್ಗೆ ಗೆರೆ ಎಳೆದೆ, ಊರಿನ ಜೊತೆ ತಿರುಗಿ ನಿಂತು ಕಾದೆ, ಅವಳು ಬರುವುದಿಲ್ಲವೆಂದು ಗೊತ್ತಿದ್ದೂ ಕಾದೆ. ಯಾಕೆಂದು ನೂರು ಬಗೆಯಲ್ಲಿ ಹೇಳಬಹುದು. ನನ್ನ ನಿಯಮ ತಪ್ಪೆಂದು ಒಪ್ಪಿಕೊಳ್ಳುವುದಕ್ಕಿಂತ ಇಡೀ ಊರನ್ನು ಖಾಲಿ ಗೋಲಿನ ಮುಂದೆ ನಿಲ್ಲಿಸುವುದು ನನಗೆ ಸುಲಭವಾಗಿತ್ತು, ಅಷ್ಟೇ. ಇವತ್ತು ಆ ಕಾರ್ಡನ್ನು ಈ ಲಕೋಟೆಯಲ್ಲಿ ಸೇರಿಸಿ, ಯಾರೂ ಒಡೆಯದ ಪೆಟ್ಟಿಗೆಗೆ ಹಾಕಿ ಕೈತೊಳೆದುಕೊಳ್ಳಬೇಕೆಂದೇ ಪತ್ರ ಬರೆಯಲು ಕೂತದ್ದು. ನಾಳೆ ಯಶೋಧರನಿಗೂ ಗೆರೆ ಎಳೆದು, ಇನ್ನೊಂದಷ್ಟು ವರ್ಷ ಬದುಕಿ ಸಾಯಬಹುದಿತ್ತು.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಆಟಗಾರ ಸಿಕ್ಕಿಬಿದ್ದಾಗ ಪ್ರಕಟಣೆ ಬರೆಯುವ ಮೊದಲು ಅವನನ್ನು ಒಳಗೆ ಕರೆದು ಕೂರಿಸಿ, ಏನಾಯಿತೆಂದು ಕೇಳಿ. ಬಿಡಲಾಗುತ್ತಿಲ್ಲ ಎಂದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಜೊತೆಯಲ್ಲಿ ನೀವೂ ಹೋಗಿ. ಮೋಜಿಗೆ ಎಂದರೆ ಅವನು ನಿಜ ಹೇಳುತ್ತಿದ್ದಾನೆ ಎಂದು ನಂಬಿ, ಅವನ ಬಾಯಲ್ಲಿ ದುಃಖ ತುರುಕಬೇಡಿ. ಶಿಕ್ಷೆ ಕೊಡಿ, ಬೇಡವೆಂದು ನಾನು ಹೇಳುವುದಿಲ್ಲ. ಗೋಲು ಹೊಡೆಯುವವನಿಗೂ ಬೆಂಚಿನವನಿಗೂ ಒಂದೇ ಅಳತೆಯಲ್ಲಿ ಕೊಡಿ, ಎರಡು ವಾರ ಎಂದರೆ ಎರಡು ವಾರಕ್ಕೆ ಮುಗಿಸಿ. ಅಷ್ಟು ದಿನ ಅವನ ಜಾಗದಲ್ಲಿ ಬೇರೆಯವರು ಆಡಲಿ, ಆಟ ನಡೆಯಲಿ. ಅವನು ಮರಳಿ ಬಂದ ದಿನ ಚಪ್ಪಾಳೆಯನ್ನೂ ತಟ್ಟಬೇಡಿ. ಪಾಸ್ ಕೊಡಿ, ಸಾಕು. ನಿಮ್ಮ ಸಿಟ್ಟನ್ನಾಗಲೀ ಕರುಣೆಯನ್ನಾಗಲೀ ಮೈದಾನದ ಮೇಲೆ ಗೆರೆ ಎಳೆದು ತೋರಿಸಬೇಡಿ.

ಕಾರ್ಡನ್ನು ನಿಮಗೆ ಕಳಿಸುವುದಿಲ್ಲ. ಮೇಜಿನ ಮೇಲೆ ಎದುರಿಗೇ ಇದೆ. ನಾಳೆಯ ಸಭೆಯಲ್ಲಿ ಮೊದಲು ಅದನ್ನು ಓದುತ್ತೇನೆ, ಅದು ಬಂದದ್ದು ಯಾವಾಗ ಎಂಬುದನ್ನೂ ಹೇಳುತ್ತೇನೆ. ಹತ್ತೊಂಬತ್ತು ವರ್ಷ ಸೋತವರು ನನ್ನನ್ನು ಏನು ಮಾಡುತ್ತಾರೋ ಮಾಡಲಿ. ನನ್ನ ಜಾಗವನ್ನು ಮಾತ್ರ ಕಾಯಬಾರದೆಂದು ಕೇಳಿಕೊಳ್ಳುತ್ತೇನೆ. ಕಾರ್ಡಿನಲ್ಲಿ ಇರುವುದು ಮೂರೇ ಸಾಲು.

"ವಾರಿಜಕ್ಕ, ಇಲ್ಲಿ ಒಂದು ಸಣ್ಣ ತಂಡ ಇದೆ, ನಾನೇ ಗೋಲಿ. ಚೆನ್ನಾಗಿದೀನಿ. ಕಾಯ್ಬೇಡಿ, ಯಾರನ್ನಾದ್ರೂ ನಿಲ್ಸಿ."

ಸುಣ್ಣದ ಡಬ್ಬಿಯನ್ನು ಈಗಷ್ಟೇ ಬಚ್ಚಲಿಗೆ ಸುರಿದು ಬಂದೆ. ಎರಡು ಸಲ ತೊಳೆದರೂ ಕೈ ಇನ್ನೂ ಬೆಳ್ಳಗಿದೆ, ಕಾಗದದ ಅಂಚಿಗೆ ಅಂಟಿದ್ದರೆ ಕ್ಷಮಿಸಿ.

ಇಂತಿ,
ವಾರಿಜಾಕ್ಷಿ
ಕಾರ್ಯದರ್ಶಿ, ನಾಳೆ ಬೆಳಿಗ್ಗೆಯ ತನಕ